ಕೊನೆಯವರಿಗೂ ಒಂದು ಬಾಳೆಹಣ್ಣು

ಹೋದ ತಿಂಗಳು ಇದೇ ಅಂಕಣದಲ್ಲಿ ಯಾವುದೋ ಮಾತಿಗೆ ಸುಮ್ನೆ ಒಂದು ಸಾಲು ಬರೆದಿದ್ದೆ. 2022ರಲ್ಲಿ ಬರ್ಲಿನ್ ಮ್ಯಾರಥಾನ್ ಓಡಿದೆ, ಮುಗಿಸಲು 5 ಗಂಟೆ 41 ನಿಮಿಷ ಹಿಡಿಯಿತು ಅಂತ. ಅಷ್ಟಕ್ಕೇ ಪತ್ರಗಳ ರಾಶಿ. ಅರ್ಧ ಓಟದ ಬಗ್ಗೆ, ಇನ್ನರ್ಧ ಪರದೇಶದ ಬದುಕಿನ ಬಗ್ಗೆ. ಒಬ್ಬರಂತೂ ‘ಅಷ್ಟು ಹೊತ್ತಿನಲ್ಲಿ ಬೆಂಗಳೂರಿನಿಂದ ಬಸ್ಸಿನಲ್ಲಿ ದಾವಣಗೆರೆಗೇ ಹೋಗಬಹುದಿತ್ತಲ್ಲ ಮೇಡಂ’ ಎಂದಿದ್ದಾರೆ. ಹೋಗಬಹುದಿತ್ತು. ಬೆಣ್ಣೆ ದೋಸೆಯನ್ನೂ ತಿಂದು ಮುಗಿಸಬಹುದಿತ್ತು. ಅವತ್ತು ಅದೇ ರಸ್ತೆಯಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಮಾಡಿದರು. ಆಗ ನಾನು ಏಳನೆಯದೋ ಎಂಟನೆಯದೋ ಕಿಲೋಮೀಟರಿನಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ನಮ್ಮಂಥವರ ಗುಂಪನ್ನು ಬಿಡುವುದೇ ಒಂದು ಗಂಟೆ ತಡವಾಗಿ ಎಂಬುದನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಿರಿ.

ಸರಿ, ಪತ್ರಗಳಿಗೆ ಬರೋಣ.

ನನಗೆ 41 ವರ್ಷ. ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ಸಕ್ಕರೆ ಅಂಚಿನಲ್ಲಿದೆ ಎಂದು ಡಾಕ್ಟರು ಹೇಳಿದ ಮೇಲೆ ಪಾರ್ಕಿನಲ್ಲಿ ಓಡಲು ಶುರು ಮಾಡಿದೆ. ಎರಡೇ ನಿಮಿಷಕ್ಕೆ ಏದುಸಿರು, ಹೊಟ್ಟೆ ಪಕ್ಕ ಚುಚ್ಚುತ್ತದೆ. ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿ ಕುಳಿತುಬಿಡುತ್ತೇನೆ. ನನ್ನ ದೇಹವೇ ಇದಕ್ಕಲ್ಲ ಅಂತ ಕಾಣುತ್ತದೆ.
— ಒಬ್ಬ ಓದುಗಿ, ಜಯನಗರ, ಬೆಂಗಳೂರು

ನೀವು ಓಡುತ್ತಿಲ್ಲ, ಬಸ್ಸು ಹಿಡಿಯುತ್ತಿದ್ದೀರಿ. ನಮಗೆಲ್ಲ ಗೊತ್ತಿರುವ ಓಟ ಅದೊಂದೇ, ಹೊರಟ ಬಸ್ಸಿನ ಹಿಂದಿನದು. ಹಾಗಾಗಿ ಶೂ ಹಾಕಿದ ತಕ್ಷಣ ಕಾಲು ಆ ವೇಗಕ್ಕೇ ಹೋಗುತ್ತದೆ. ಅರ್ಧ ವೇಗಕ್ಕೆ ಇಳಿಸಿ. ಅದಕ್ಕೂ ಏದುಸಿರು ಬಂದರೆ ಇನ್ನೂ ಇಳಿಸಿ. ಪಕ್ಕದಲ್ಲಿ ಗೆಳತಿ ಇದ್ದರೆ ನಿನ್ನೆಯ ಧಾರಾವಾಹಿಯ ಕಥೆಯನ್ನು ಪೂರ್ತಿ ವಾಕ್ಯಗಳಲ್ಲಿ ಹೇಳಲು ಬರಬೇಕು, ಅದೇ ನಿಮ್ಮ ವೇಗ. ಬರೀ ‘ಹೂಂ, ಅವಳು, ಆಮೇಲೆ’ ಅಂತಷ್ಟೇ ಬಂದರೆ ಜಾಸ್ತಿ ಆಯಿತು ಎಂದರ್ಥ.

ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಒಟ್ಟು 20 ನಿಮಿಷ. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಎರಡು ವಾರ ಕಳೆದ ಮೇಲೆ ಓಟದ ನಿಮಿಷ ಸ್ವಲ್ಪ ಏರಿಸಿ. ಆತುರ ಯಾಕೆ ಬೇಡ ಅಂತೀನಿ ಅಂದರೆ, ಉಸಿರು ಮತ್ತು ಹೃದಯ ಕೆಲವೇ ವಾರದಲ್ಲಿ ಒಗ್ಗಿಕೊಳ್ಳುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಉಸಿರು ಸರಿಹೋಯಿತು ಎಂದು ಹುರುಪಿನಲ್ಲಿ ದೂರ ಏರಿಸಿದವರೇ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆ ಹಿಡಿದುಕೊಂಡು ಕೂರುವುದು. ನಾನೂ ಕೂತಿದ್ದೇನೆ, ಆರು ವಾರ. ಡಾಕ್ಟರನ್ನು ಹೇಗೂ ನೋಡುತ್ತಿದ್ದೀರಲ್ಲ, ಓಡುತ್ತೇನೆ ಎಂದು ಅವರಿಗೂ ಹೇಳಿಬಿಡಿ. ಎದೆ ಹಿಡಿದುಕೊಂಡರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಅವರ ಹತ್ತಿರ ಹೋಗಿ. ಅದರಲ್ಲಿ ಧೈರ್ಯ ತೋರಿಸುವಂಥದ್ದೇನೂ ಇಲ್ಲ.

ನೋಡುವವರ ವಿಷಯ. ನಾನು ಓಡಲು ಕಲಿತದ್ದು ಬರ್ಲಿನ್ನಿನ ಟೆಂಪೆಲ್‌ಹೋಫ್‌ನಲ್ಲಿ. ಅದೊಂದು ಹಳೆಯ ವಿಮಾನ ನಿಲ್ದಾಣ. 2008ರಲ್ಲಿ ಮುಚ್ಚಿ, 2010ರಲ್ಲಿ ಜನರಿಗೆ ಓಡಾಡಲು ಬಿಟ್ಟುಕೊಟ್ಟರು. ರನ್‌ವೇಗಳು ಹಾಗೇ ಇವೆ. ಒಂದೊಂದೂ ಸುಮಾರು ಎರಡು ಕಿಲೋಮೀಟರ್, ಮರವಿಲ್ಲ, ಮರೆಯಿಲ್ಲ. ಅಡಗಿಕೊಂಡು ಓಡುವ ಅವಕಾಶವೇ ಇಲ್ಲ. ಮೊದಲ ದಿನ ಎರಡೂ ಕೈಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ದಾಟಿ ಹೋದರು. ನಾನು ಓಡುತ್ತಿದ್ದೆ, ಅವರು ನಡೆಯುತ್ತಿದ್ದರು. ದಾಟುವಾಗ ತಲೆಯಾಡಿಸಿ ‘ಮೊರ್ಗೆನ್’ ಅಂದರು, ನಮ್ಮ ಗುಡ್ ಮಾರ್ನಿಂಗ್ ಇದ್ದ ಹಾಗೆ, ಅಷ್ಟೇ. ಅವರು ಮನೆಗೆ ಹೋಗಿ ನನ್ನ ಬಗ್ಗೆ ಯೋಚಿಸಿರಲಾರರು. ನಾನು ಮಾತ್ರ ಆ ಅಜ್ಜಿಯನ್ನು ಎಂಟು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಹೆಂಡತಿ ಬೆಳಿಗ್ಗೆ ಓಡಲು ಹೋಗುವುದರಿಂದ ತಿಂಡಿ ಎಂಟೂವರೆಯಾಗುತ್ತದೆ. ಆಫೀಸಿಗೆ ತಡ. ಹೇಗೆ ಹೇಳಲಿ?
— ಹೆಸರು ಬೇಡ, ತುಮಕೂರು

ರವೆ ಹುರಿದದ್ದು ಡಬ್ಬದಲ್ಲಿದ್ದರೆ ಉಪ್ಪಿಟ್ಟಿಗೆ ಹದಿನೈದು ನಿಮಿಷ ಸಾಕು ಸ್ವಾಮಿ. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು. ಗಂಟಾದರೆ ಗಾಬರಿ ಬೇಡ, ಮೊದಲ ವಾರ ಎಲ್ಲರದೂ ಗಂಟೇ. ಓಡಿ ಬಂದವರಿಗೆ ಹಸಿವು ಜಾಸ್ತಿ, ಅವರ ಪಾಲನ್ನೂ ಸೇರಿಸಿ ಅಳತೆ ಹಾಕಿ.

ಅಕ್ಕ, ನನ್ನದು ಗದಗ ಹತ್ತಿರದ ಹಳ್ಳಿ. ವಯಸ್ಸು 27. ಹ್ಯಾಂಬರ್ಗ್‌ಗೆ ಬಂದು ಹತ್ತು ತಿಂಗಳಾಯಿತು. ಹೊರದೇಶ ನೋಡಿದರೆ ಮನುಷ್ಯ ಬೆಳೆಯುತ್ತಾನೆ ಅಂತ ಎಲ್ಲರೂ ಹೇಳಿದ್ದರು. ನಾನು ಬೆಳೆದಿಲ್ಲ, ಕುಗ್ಗಿದ್ದೇನೆ. ಆಫೀಸು, ರೂಮು, ಆಫೀಸು. ಅಂಗಡಿಯಲ್ಲಿ ಮಾತಾಡಬೇಕಾದರೆ ಬೆವರುತ್ತೇನೆ. ಊರಲ್ಲಿ ನಾನು ಚಾವಡಿ ಕಟ್ಟೆಯ ಮಾತುಗಾರ. ವಾರಕ್ಕೊಮ್ಮೆ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಆರಾಮ ಅದೀನಿ ಅಂತ ನಗುತ್ತೇನೆ. ವಾಪಸ್ ಬಂದುಬಿಡಲಾ?
— ಮಾತು ಮರೆತವನು, ಹ್ಯಾಂಬರ್ಗ್

ತಮ್ಮಾ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ವಾಪಸ್ ಬರಬೇಕೋ ಬೇಡವೋ ಅನ್ನುವುದನ್ನು ಈ ತಿಂಗಳು ತೀರ್ಮಾನ ಮಾಡಬೇಡ. ಚಳಿಗಾಲದಲ್ಲಿ ಅಲ್ಲಿ ಯಾವ ದೊಡ್ಡ ತೀರ್ಮಾನವನ್ನೂ ಮಾಡಬಾರದು, ಇದು ನನ್ನ ಸ್ವಂತ ನಿಯಮ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಹಗಲೆಲ್ಲ ಆಫೀಸಿನೊಳಗೇ ಇದ್ದವನಿಗೆ ಸೂರ್ಯನ ಮುಖವೇ ಕಾಣುವುದಿಲ್ಲ. ಕಂಡರೂ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಲ್ಲಿನ ಬಿಸಿಲಿಗೆ ನಮ್ಮ ಚರ್ಮದಲ್ಲಿ ವಿಟಮಿನ್ ಡಿ ಮಾಡಿಸುವಷ್ಟು ಬಲ ಇರುವುದಿಲ್ಲ. ನಮ್ಮ ಕಂದು ಚರ್ಮಕ್ಕಂತೂ ಇನ್ನೂ ಕಷ್ಟ. ಹಾಗಾಗಿ ಮೊದಲು ಮನೆ ಹತ್ತಿರದ ಡಾಕ್ಟರನ್ನು ನೋಡಿ ರಕ್ತ ಪರೀಕ್ಷೆ ಮಾಡಿಸಿಕೋ. ನಿದ್ದೆ ಬರುತ್ತಿಲ್ಲವಾದರೆ, ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಮನಸ್ಸಾಗದಿದ್ದರೆ, ಅದನ್ನೂ ಅವರ ಮುಂದೆ ಬಿಡಿಸಿ ಹೇಳು. ಸಂಕೋಚ ಬೇಡ. ಅಲ್ಲಿ ಚಳಿಗಾಲದಲ್ಲಿ ಮನಸ್ಸು ಕುಗ್ಗುವುದು ನೆಗಡಿಯಷ್ಟೇ ಗೊತ್ತಿರುವ ಕಾಯಿಲೆ.

ಈಗ ನನ್ನ ಮೊದಲ ಭಾನುವಾರದ ಕಥೆ ಕೇಳು. ಬೆಳಿಗ್ಗೆ ಫಿಲ್ಟರಿಗೆ ಡಿಕಾಕ್ಷನ್ ಹಾಕಿದೆ. ಹಾಲಿಲ್ಲ. ಕೆಳಗೆ ಹೋದರೆ ಅಂಗಡಿಗಳೆಲ್ಲ ಬಂದ್, ಅಲ್ಲಿ ಭಾನುವಾರ ಅಂದರೆ ಹಾಗೇ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ತೆರೆದಿರುತ್ತವೆ ಎಂದು ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ. ಅವತ್ತು ಕರಿ ಕಾಫಿ ಕುಡಿದು, ಸಿಟ್ಟಿನಲ್ಲಿ ಬಟ್ಟೆ ಒಗೆಯುವ ಮಷೀನು ಹಾಕಿದೆ. ಸಂಜೆ ಬಾಗಿಲ ಸಂದಿಯಲ್ಲಿ ನಾಲ್ಕಾಗಿ ಮಡಚಿದ ಚೀಟಿ. ಅಂದವಾದ ಕೈಬರಹ, ಕೆಳಮನೆಯ ಹೆಂಗಸಿನದು. ಅಕ್ಷರ ಅಕ್ಷರ ಕೂಡಿಸಿಕೊಂಡು, ಫೋನಿನಲ್ಲಿ ಅರ್ಥ ಹುಡುಕಿ ಓದಿದೆ. ಭಾನುವಾರ ಸದ್ದು ಮಾಡಬಾರದಂತೆ. ಕೊನೆಗೆ ‘ಸ್ನೇಹಪೂರ್ವಕ ವಂದನೆಗಳೊಂದಿಗೆ’ ಎಂದು ಬೇರೆ. ಗೋಡೆಗೆ ಒರಗಿ ಅತ್ತೆ. ನೀನು ಕುಗ್ಗಿದ್ದೇನೆ ಅಂತೀಯಲ್ಲ, ಆ ಕುಗ್ಗಿದ ಅಳತೆ ನನಗೆ ಗೊತ್ತು.

ನಾನು ಓಡಲು ಹೋದದ್ದು ಆರೋಗ್ಯಕ್ಕಲ್ಲ, ಮನೆಯೊಳಗೆ ಇರಲಾರದೆ. ಮೊದಲು ಆ ರನ್‌ವೇ ಮೇಲೆ ಒಬ್ಬಳೇ. ಆಮೇಲೆ ಯಾರೋ ಹೇಳಿದರು, ಪಕ್ಕದ ಹಾಸೆನ್‌ಹೈಡೆ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪಾರ್ಕ್‌ರನ್ ಇದೆ ಅಂತ. ಐದು ಕಿಲೋಮೀಟರ್, ಹಣ ಇಲ್ಲ, ಒಮ್ಮೆ ಹೆಸರು ನೋಂದಾಯಿಸಿದರೆ ಆಯಿತು. 2004ರಲ್ಲಿ ಲಂಡನ್ನಿನ ಒಂದು ಪಾರ್ಕಿನಲ್ಲಿ ಹದಿಮೂರು ಜನ ಶುರು ಮಾಡಿದ್ದು, ಈಗ ಎಷ್ಟೋ ದೇಶಗಳಲ್ಲಿದೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವ್ಯವಸ್ಥೆ ಇದೆ. ಕೊನೆಗೆ ಬರುವುದಕ್ಕೆಂದೇ ಒಬ್ಬ ಸ್ವಯಂಸೇವಕರು ಇರುತ್ತಾರೆ. ಅವರಿಗಿಂತ ಹಿಂದೆ ಯಾರನ್ನೂ ಬಿಡುವುದಿಲ್ಲ. ಅಂದರೆ ಎಷ್ಟೇ ನಿಧಾನ ಓಡಿದರೂ ಓಟಗಾರರಲ್ಲಿ ಯಾರೂ ಕೊನೆಯವರಾಗುವುದಿಲ್ಲ.

ನನ್ನ ಮೊದಲ ಶನಿವಾರ ಆ ಕೊನೆಯ ಜಾಗದಲ್ಲಿದ್ದವರು ಒಬ್ಬ ನಿವೃತ್ತ ಟೀಚರು. ನಾನು ಅವರಿಗಿಂತ ಎರಡು ಹೆಜ್ಜೆ ಮುಂದೆ. ಐವತ್ತು ನಿಮಿಷ ನಾವಿಬ್ಬರೇ. ನನಗೆ ಜರ್ಮನ್ ಬರುವುದಿಲ್ಲ, ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಓಟ ಎಷ್ಟು ನಿಧಾನವೋ ಮಾತೂ ಅಷ್ಟೇ ನಿಧಾನ, ಅದೇ ಅನುಕೂಲವಾಯಿತು. ಒಂದು ಪದ, ನಾಲ್ಕು ಹೆಜ್ಜೆ, ಇನ್ನೊಂದು ಪದ. ಮರ ತೋರಿಸಿ ಹೆಸರು ಹೇಳುವರು, ನಾನು ತಪ್ಪಾಗಿ ಹೇಳುವೆ, ಅವರು ತಿದ್ದುವರು. ಮೂರನೇ ವಾರ ಅಂಕಿಗಳು. ಜರ್ಮನ್ನಿನಲ್ಲಿ ನಲವತ್ತೈದನ್ನು ‘ಐದು-ಮತ್ತು-ನಲವತ್ತು’ ಅನ್ನುತ್ತಾರೆ, ನಿನಗೆ ಗೊತ್ತೇ ಇರುತ್ತದೆ. ಅದೇ ತಲೆಕೆಳಗಿನಿಂದಾಗಿ ನಾನು ಎಷ್ಟು ಜನರಿಗೆ ತಪ್ಪು ಫೋನ್ ನಂಬರು ಕೊಟ್ಟಿದ್ದೆನೋ! ಆಫೀಸಿನಲ್ಲಿ ತಪ್ಪು ಮಾತಾಡಿದರೆ ಕಿವಿ ಬಿಸಿಯಾಗುತ್ತಿತ್ತು. ಇಲ್ಲಿ ಬೆವರಿನಲ್ಲಿ ಗೊತ್ತೇ ಆಗುತ್ತಿರಲಿಲ್ಲ.

ನೀನು ಚಾವಡಿ ಕಟ್ಟೆಯ ಮಾತುಗಾರ ಅಲ್ವಾ, ನಿನ್ನ ಕಷ್ಟ ಅಲ್ಲೇ ಇದೆ ಅಂತ ನನ್ನ ಅನುಮಾನ. ಚೆನ್ನಾಗಿ ಮಾತಾಡುವವರಿಗೆ ಕೆಟ್ಟದಾಗಿ ಮಾತಾಡಲು ನಾಚಿಕೆ ಜಾಸ್ತಿ. ಇಪ್ಪತ್ತೇಳನೇ ವಯಸ್ಸಿಗೆ ಮತ್ತೆ ಒಂದನೇ ಕ್ಲಾಸಿನ ಬೆಂಚಿನಲ್ಲಿ ಕೂರಬೇಕು, ಅದೂ ಎಲ್ಲರೆದುರು. ಹೊರದೇಶ ಬೆಳೆಸುತ್ತದೆ ಅಂತ ನಿನಗೆ ಹೇಳಿದವರು ಈ ಬೆಂಚಿನ ವಿಷಯ ಹೇಳಿರುವುದಿಲ್ಲ.

ಜರ್ಮನ್ನರು ಬೀದಿಯಲ್ಲಿ ಗೆಳೆತನ ಮಾಡುವವರಲ್ಲ, ಸಂಘಗಳಲ್ಲಿ ಮಾಡುವವರು. ಎಲ್ಲದಕ್ಕೂ ಒಂದು ಫೆರಾಯ್ನ್ ಇರುತ್ತದೆ. ಓಟಕ್ಕೆ, ಹಾಡಿಗೆ, ಚೆಸ್ಸಿಗೆ, ಪಾರಿವಾಳ ಸಾಕುವುದಕ್ಕೂ. ನಿನ್ನ ಏರಿಯಾದಲ್ಲಿ ‘ಲೌಫ್‌ಟ್ರೆಫ್’ ಎಂದು ಹುಡುಕು, ಓಡುವವರು ವಾರಕ್ಕೊಮ್ಮೆ ಸೇರುವ ಗುಂಪು. ನಮ್ಮ ನೀನು-ನೀವು ಹಾಗೆ ಅವರಲ್ಲೂ ಡು-ಜೀ ಇದೆಯಲ್ಲ, ಆಫೀಸಿನ ಮೆಟ್ಟಿಲ ಮೇಲೆ ಎಷ್ಟೇ ಜೀ ಇರಲಿ, ಓಟದ ಶೂ ಹಾಕಿದವರೆಲ್ಲ ಮೊದಲ ದಿನದಿಂದಲೇ ಡು. ಚೀಟಿ ಇಟ್ಟ ಆ ಕೆಳಮನೆಯ ಹೆಂಗಸು ನನಗೆ ‘ಡು’ ಅನ್ನು ಎಂದು ಅನುಮತಿ ಕೊಟ್ಟದ್ದು ಮೂರನೇ ವರ್ಷ. ಅವತ್ತು ಕೇಕು ಬೇರೆ ಮಾಡಿದ್ದರು. ಅದೊಂದು ದೊಡ್ಡ ಸಮಾರಂಭ ಅಂತ ನನಗೆ ಗೊತ್ತಾಗದೆ ಬರೀ ಥ್ಯಾಂಕ್ಸ್ ಹೇಳಿ ಬಂದುಬಿಟ್ಟೆ.

ನಿನ್ನ ಊರಲ್ಲಿ ಆಲ್‌ಸ್ಟರ್ ಇದೆ. ನದಿಗೆ ಕಟ್ಟೆ ಕಟ್ಟಿ ಆದ ನೀರು ಅದು, ನಮ್ಮ ಕೆರೆಗಳ ಹಾಗೆಯೇ. ಹೊರಗಿನ ಆಲ್‌ಸ್ಟರನ್ನು ಒಂದು ಸುತ್ತು ಬಂದರೆ ಸುಮಾರು ಏಳೂವರೆ ಕಿಲೋಮೀಟರ್. ಈಗಲೇ ಓಡಬೇಡ, ಶನಿವಾರ ಹಗಲಿರುವಾಗ ನಡಿ. ಶೂ ಕೊಳ್ಳಲು ಹಣ ಹಾಕು, ಉಳಿದದ್ದಕ್ಕೆ ಬೇಡ. ಬಟ್ಟೆ ಮಾತ್ರ ಥರ್ಮಾಮೀಟರು ತೋರಿಸುವುದಕ್ಕಿಂತ ಹತ್ತು ಡಿಗ್ರಿ ಬೆಚ್ಚಗಿದೆ ಅಂದುಕೊಂಡು ಹಾಕಿಕೋ, ಹೊರಟಾಗ ಸ್ವಲ್ಪ ನಡುಗಿದರೆ ಅಳತೆ ಸರಿ. ತಿಂಗಳ ರೈಲು ಪಾಸು ಇದ್ದೇ ಇರುತ್ತದಲ್ಲ, 2023ರಲ್ಲಿ 49 ಯೂರೋಗೆ ಶುರುವಾಗಿ ಆಮೇಲೆ ಏರಿದ ಆ ಟಿಕೆಟ್ಟು. ಅದರಲ್ಲಿ ದೇಶದ ಉದ್ದಕ್ಕೂ ಪ್ಯಾಸೆಂಜರ್ ರೈಲುಗಳಲ್ಲಿ ಹೋಗಬಹುದು. ಒಂದು ಶನಿವಾರ ಲ್ಯೂಬೆಕ್‌ಗೆ ಹೋಗು, ಒಂದು ಗಂಟೆಯೂ ಬೇಡ. ಮಾರ್ಜಿಪಾನ್ ಅನ್ನುವ ಬಾದಾಮಿ ಬೀಜದ ಸಿಹಿ ಕೊಂಡು ತಿನ್ನು. ಅಂಗಡಿಯಲ್ಲಿ ಜರ್ಮನ್ನಿನಲ್ಲೇ ಕೇಳು, ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನೀನು ಬಿಡಬೇಡ.

ಮತ್ತೆ ಅವ್ವನಿಗೆ ನಿಜ ಹೇಳು. ಎಲ್ಲವನ್ನೂ ಒಂದೇ ಸಲ ಬೇಡ. ‘ಇವತ್ತು ಯಾಕೋ ಬ್ಯಾಸರ ಆಗೇದ ಅವ್ವ’ ಅಂತ ಒಂದು ಮಾತು ಸಾಕು. ಅವರಿಗೆ ನಿನ್ನ ನಗುವಿನ ಹಿಂದೆ ಏನಿದೆ ಅಂತ ಮೊದಲ ವಾರದಲ್ಲೇ ಗೊತ್ತಾಗಿರುತ್ತದೆ. ಏಪ್ರಿಲ್ ಆದ ಮೇಲೂ ವಾಪಸ್ ಬರಬೇಕು ಅನ್ನಿಸಿದರೆ ಬಾ. ವಾಪಸ್ ಬಂದವರು ಸೋತವರಲ್ಲ. ನಾನೂ ಬಂದಿದ್ದೇನಲ್ಲ.

ಮ್ಯಾರಥಾನ್ ಓಡಲು ಲಕ್ಷಗಟ್ಟಲೆ ಸುರಿದು ಬರ್ಲಿನ್, ಲಂಡನ್ ಅಂತ ಹೋಗಬೇಕಾ? ರಸ್ತೆ ಎಲ್ಲಾದರೂ ರಸ್ತೆಯೇ ಅಲ್ಲವೆ? ಇದು ಬರೀ ಫೋಟೋ ಶೋಕಿ ಅಂತ ನನ್ನ ಅಭಿಪ್ರಾಯ.
— ಒಬ್ಬ ಓಟಗಾರ, ಶಿವಮೊಗ್ಗ

ಅರ್ಧ ಒಪ್ಪುತ್ತೇನೆ. ಪ್ರವೇಶ ಶುಲ್ಕವೇ ನಮ್ಮ ಹಣದಲ್ಲಿ ಹದಿನೈದು ಸಾವಿರ ದಾಟುತ್ತದೆ. ಅದೂ ಲಾಟರಿಯಲ್ಲಿ ಹೆಸರು ಬಂದರೆ. ವಿಮಾನ, ವೀಸಾ, ಹೋಟೆಲು ಬೇರೆ. ನಾನು ಆ ಊರಲ್ಲೇ ಇದ್ದೆ, ಮನೆಯಿಂದ ಟ್ರೇನಿನಲ್ಲಿ ಹೋಗಿ ಓಡಿ ಬಂದೆ. ಸಾಲ ಮಾಡಿ ಹೋಗಿ ಎಂದು ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನಲ್ಲೇ 2008ರಿಂದ ದೊಡ್ಡ 10ಕೆ ಓಟ ನಡೆಯುತ್ತಿದೆ, ಅಲ್ಲಿಗೆ ಬನ್ನಿ.

ಆದರೆ ರಸ್ತೆ ಎಲ್ಲಾದರೂ ರಸ್ತೆಯೇ ಅನ್ನುವುದಕ್ಕೆ ನನ್ನ ತಕರಾರಿದೆ. ಬರ್ಲಿನ್ನಿನ ಓಟ 1974ರಲ್ಲಿ ಊರಾಚೆಯ ಕಾಡಿನ ಪಕ್ಕ ಶುರುವಾದದ್ದು. 1981ರಲ್ಲಿ ಊರೊಳಗೆ ಬಂತು, ಆದರೆ ಆಗ ಊರನ್ನು ಎರಡಾಗಿ ಸೀಳಿದ್ದ ಗೋಡೆಯ ಪಶ್ಚಿಮದ ಬದಿಯಲ್ಲಿ ಮಾತ್ರ. 1990ರ ಸೆಪ್ಟೆಂಬರ್ 30ಕ್ಕೆ ಮೊದಲ ಸಲ ಬ್ರಾಂಡೆನ್‌ಬರ್ಗ್ ಗೇಟಿನ ಕಂಬಗಳ ನಡುವೆ ಹಾದು ಎರಡೂ ಕಡೆ ಓಡಿದರು. ಎರಡು ಜರ್ಮನಿಗಳು ಒಂದಾದದ್ದು ಅದಾದ ಮೂರು ದಿನಕ್ಕೆ. ಈಗ ಆ ಗೇಟು ಬರುವುದು ಗುರಿಗೆ ಇನ್ನೇನು ಕೆಲವು ನೂರು ಮೀಟರು ಇರುವಾಗ. ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬರು ಬಹಳ ಹೊತ್ತಿನಿಂದ ಓಡುತ್ತಿದ್ದರು. ಅವರು ಗೇಟಿನ ಹತ್ತಿರ ಬಂದವರೇ ಓಟ ನಿಲ್ಲಿಸಿ ನಡೆದರು. ಕಾಲು ಹಿಡಿದುಕೊಂಡಿತೇನೋ ಅಂದುಕೊಂಡೆ. ಕಂಬದ ಪಕ್ಕ ಹೋಗಿ ಅಂಗೈಯಿಂದ ಒಮ್ಮೆ ಮುಟ್ಟಿ, ಮತ್ತೆ ಓಡಿದರು. ಅಷ್ಟು ಕಂಡದ್ದಕ್ಕೆ ಲಕ್ಷ ಕೊಡಬಹುದಾ ಅಂದರೆ ಗೊತ್ತಿಲ್ಲ, ನನಗಂತೂ ಪುಕ್ಕಟೆ ಸಿಕ್ಕಿತು.

ಇನ್ನೊಂದು ಸಿಕ್ಕಿದ್ದು 36ನೇ ಕಿಲೋಮೀಟರು ದಾಟಿದ ಮೇಲೆ. ಮೇಜುಗಳನ್ನು ಎತ್ತಿಡಲು ಶುರು ಮಾಡಿದ್ದರು, ನೆಲದ ತುಂಬ ಬಾಳೆಹಣ್ಣಿನ ಸಿಪ್ಪೆ, ಕಾಲಿಟ್ಟರೆ ಜಾರುವ ಹಾಗೆ. ಹಣ್ಣು ಮುಗಿದಿತ್ತು. ನನ್ನ ಮುಖ ನೋಡಿ ಒಬ್ಬ ಹುಡುಗಿ ‘ಇರಿ, ಇರಿ’ ಎಂದು ಖಾಲಿ ರಟ್ಟಿನ ಡಬ್ಬಗಳನ್ನೆಲ್ಲ ಬಗ್ಗಿಸಿ ನೋಡಿ, ತಳದಲ್ಲಿ ಉಳಿದಿದ್ದ ಒಂದನ್ನು ಹುಡುಕಿ, ಸಿಪ್ಪೆ ಅರ್ಧ ಸುಲಿದು ಕೈಗೆ ಕೊಟ್ಟಳು. ಗುಂಪಿನ ಮುಂದೆ ಓಡುವವರಿಗೆ ಇದೆಲ್ಲ ಸಿಗುವುದಿಲ್ಲ.

ಅಂದಹಾಗೆ ಪರದೇಶಕ್ಕೆ ಹೋಗಿ ಓಡುವುದು ಈಗಿನವರ ಶೋಕಿಯೂ ಅಲ್ಲ. ಬೆಳಗಾವಿ ಕಡೆಯ ಫಡೆಪ್ಪ ದಾರೆಪ್ಪ ಚೌಗುಲೆ 1920ರಲ್ಲೇ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದವರು. 19ನೆಯವರಾಗಿ ಬಂದರು. 2 ಗಂಟೆ 50 ನಿಮಿಷ 45 ಸೆಕೆಂಡು. ಆ ವರ್ಷ ಓಟದ ದೂರ ಈಗಿನ 42.195 ಅಲ್ಲ, 42.75 ಕಿಲೋಮೀಟರ್. ಅಷ್ಟು ದೂರ ಹಡಗಿನಲ್ಲಿ ಹೋಗಿ, ಗೊತ್ತಿಲ್ಲದ ಊರಿನ ರಸ್ತೆಯಲ್ಲಿ. ನಿಮ್ಮ ಟೈಮಿಂಗ್ ಎಷ್ಟು, ಮುಂದಿನ ಪತ್ರದಲ್ಲಿ ಬರೆಯಿರಿ, ನೋಡೋಣ.

ಏಳು ವರ್ಷ ಹೊರಗಿದ್ದು ಬೆಂಗಳೂರಿಗೆ ಮರಳಿದೆವು. ಓಡಲು ಫುಟ್‌ಪಾತ್ ಇಲ್ಲ, ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ‘ಅಲ್ಲಿ ಹೀಗಿರಲಿಲ್ಲ’ ಎಂದರೆ ಮನೆಯವರಿಗೆ ಕೋಪ.
— ಮರಳಿ ಬಂದವಳು, ರಾಜಾಜಿನಗರ

ನಾಯಿ ಬಂದರೆ ಓಡಬೇಡಿ, ನಿಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ನಿಧಾನವಾಗಿ ನಡೆದು ಹೋಗಿ. ಅವು ಅಟ್ಟುವುದು ಓಟವನ್ನು, ನಿಮ್ಮನ್ನಲ್ಲ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಮನೆಮದ್ದು ಬೇಡ. ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿಗೆ ಹೋಗಿ ನೋಡಿ, ಬಿದಿರು ಮೆಳೆಗಳ ಪಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಮೇ ತಿಂಗಳಲ್ಲೂ ಆ ಹೊತ್ತಿಗೆ ಓಡುವಷ್ಟು ತಂಪು ಸಿಗುತ್ತದೆ. ಮೈಸೂರಿಗೆ ಬಂದ ಮೊದಲ ವರ್ಷ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತ ನಾನೂ ಗೊಣಗಿದ್ದೇನೆ. ‘ಅಲ್ಲಿ ಹೀಗಿರಲಿಲ್ಲ’ ಅನ್ನುವುದನ್ನು ದಿನಕ್ಕೆ ಒಂದು ಸಲ ಅಂತ ಮಿತಿ ಹಾಕಿಕೊಂಡೆ. ಅಲ್ಲಿದ್ದಾಗ ‘ನಮ್ಮಲ್ಲಿ ಹೀಗಲ್ಲ’ ಅಂತ ಎಷ್ಟು ಸಲ ಅಂದಿದ್ದೀರಿ, ನೆನಪು ಮಾಡಿಕೊಳ್ಳಿ.

ನನಗೆ 62. ಮಗಳ ಮನೆಗೆ ಸ್ಟುಟ್‌ಗಾರ್ಟ್‌ಗೆ ಮೂರು ತಿಂಗಳು ಹೋಗುತ್ತಿದ್ದೇನೆ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆ. ಒಬ್ಬಳೇ ಹೊರಗೆ ಹೋಗಲು ಭಯ. ಸೀರೆಯಲ್ಲಿ ವಾಕಿಂಗ್ ಹೋದರೆ ಏನಂದುಕೊಳ್ಳುತ್ತಾರೋ.
— ಒಬ್ಬ ತಾಯಿ, ಮಂಡ್ಯ

ಅಮ್ಮಾ, ಸೀರೆಯಲ್ಲೇ ಹೋಗಿ, ಕಾಲಿಗೆ ಮಾತ್ರ ಓಟದ ಶೂ ಇರಲಿ, ಸೀರೆ ಒಂದು ಗೇಣು ಮೇಲೆ. ಮೂರು ತಿಂಗಳು ಅನ್ನುವುದನ್ನು ದಿನ ಎಣಿಸಿ ನೋಡಿಕೊಳ್ಳಿ, ವೀಸಾದಲ್ಲಿ 90 ದಿನ ಅಂದರೆ 90 ದಿನವೇ. ಮಗಳ ವಿಳಾಸ, ಫೋನ್ ನಂಬರು ಚೀಟಿಯಲ್ಲಿ ಬರೆದು ರವಿಕೆಯೊಳಗೋ ಪರ್ಸಿನಲ್ಲೋ ಇಡಿ. ಫುಟ್‌ಪಾತಿನ ಪಕ್ಕ ಕೆಂಪು ಪಟ್ಟಿ ಕಂಡರೆ ಅದು ಸೈಕಲ್ಲಿನ ದಾರಿ, ಅದರ ಮೇಲೆ ನಿಂತು ಊರು ನೋಡಬೇಡಿ, ಗಂಟೆ ಬಾರಿಸಿಕೊಂಡು ನುಗ್ಗುತ್ತಾರೆ. ಮೊದಲ ವಾರ ಬೀದಿ ಮೂಲೆಯ ಬೇಕರಿಯವರೆಗೆ ಸಾಕು. ಒಂದು ಬನ್ನು ಕೊಂಡು ವಾಪಸ್. ಎರಡನೇ ವಾರ ಅದರ ಮುಂದಿನ ತಿರುವು.

ನಮ್ಮಮ್ಮ ಬಂದಾಗ ಹೀಗೇ ಮಾಡಿದ್ದು. ಹತ್ತು ದಿನಕ್ಕೆ ಬೇಕರಿಯವಳು ಅಮ್ಮನನ್ನು ಕಂಡರೆ ಕೇಳದೆಯೇ ಎಳ್ಳು ಹಚ್ಚಿದ ಬನ್ನು ಎರಡು ಕಟ್ಟಿಡುವಳು. ಅಮ್ಮ ‘ಮೊರ್ಗೆನ್’ ಅನ್ನುವುದನ್ನು ನನಗಿಂತ ಚೆನ್ನಾಗಿ ಅನ್ನುತ್ತಿದ್ದರು. ಒಂದು ಭಾನುವಾರ ಟೆಂಪೆಲ್‌ಹೋಫ್‌ಗೆ ಕರೆದುಕೊಂಡು ಹೋದೆ. ‘ವಿಮಾನ ಇಳಿಯೋ ಜಾಗ ಅಂತೀಯ, ವಿಮಾನ ಎಲ್ಲಿ?’ ಎಂದರು. ಹೇಳಿದೆ. ರನ್‌ವೇ ಮಧ್ಯದ ಬಿಳಿ ಗೆರೆಯ ಮೇಲೆ ನಡೆದರು, ನಾನು ಸ್ವಲ್ಪ ಹಿಂದೆ. ಗಾಳಿ ಜೋರಾಗಿತ್ತು. ಅಮ್ಮ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಿಂದೆ ಮುಂದೆ ನೋಡಿದರು. ಆಮೇಲೆ ಓಡಿದರು, ಹೆಚ್ಚೆಂದರೆ ಹದಿನೈದು ಹೆಜ್ಜೆ, ಬಳೆ ಸದ್ದು ಮಾಡಿಕೊಂಡು. ನಿಂತು, ಮೊಣಕಾಲ ಮೇಲೆ ಕೈಯಿಟ್ಟು ಉಸಿರು ತಗೊಂಡು, ನಾನು ಹತ್ತಿರ ಹೋದಾಗ ಅಂದರು: ‘ನಿಮ್ಮಪ್ಪಂಗೆ ಹೇಳಬೇಡ.’